ಕಾಶವ್ವತ್ತಿಯ ಬೋಟು

ನಮ್ಮ ಕಾಶವ್ವತ್ತಿಗೆ ಯಾರ ಮೇಲಾದರೂ ಸಿಟ್ಟು ಬಂದರೆ ಬಾಯಿ ಮಾಡುತ್ತಿರಲಿಲ್ಲ, ಒಂದು ತಿನಿಸು ಬಿಡುತ್ತಿದ್ದಳು. ಸೇಡು ತೀರುವವರೆಗೆ ಅದನ್ನು ಮುಟ್ಟುತ್ತಿರಲಿಲ್ಲ. ದೇವರಿಗೆ ಹರಕೆ ಹೊತ್ತು ತಿನಿಸು ಬಿಡುವವರು ನಮ್ಮ ಕಡೆ ಮನೆಗೊಬ್ಬರು ಸಿಗುತ್ತಾರೆ. ಅತ್ತಿ ದೇವರ ಗೊಡವೆಗೇ ಹೋಗದೆ ಮನುಷ್ಯರ ಹೆಸರಿನಲ್ಲಿ ಬಿಡುತ್ತಿದ್ದಳು. ಬಣಹಟ್ಟಿಯವರು ನೂಲು ತಿಂದು ಬೆಳೆದವರು ಎಂದು ನೆಗೆಣ್ಣಿಯೊಬ್ಬಳು ಹಂಗಿಸಿದ್ದಕ್ಕೆ ಬದನೆಕಾಯಿ ಬಿಟ್ಟಿದ್ದಳು. ಕಣದಲ್ಲಿ ಜೋಳದ ರಾಶಿಗೆ ಎಮ್ಮೆ ನುಗ್ಗಿಸಿದ ಪಕ್ಕದ ಹೊಲದವನ ಮೇಲೆ ಹುಣಸೆಹಣ್ಣು ಬಿಟ್ಟಿದ್ದಳು, ಅದು ಬಹಳ ದಿನ ನಡೆಯಿತು, ಮನೆಯವರೆಲ್ಲ ಸಪ್ಪೆ ಸಾರು ಉಂಡರು. ಊರವರಿಗೂ ಈ ಸುದ್ದಿ ಗೊತ್ತಿತ್ತು. ಮದುವೆ ಪಂಕ್ತಿಯಲ್ಲಿ ಅತ್ತಿ ಯಾವುದನ್ನಾದರೂ ಬೇಡ ಎಂದರೆ ಬಡಿಸುವವರ ಕೈ ಅಲ್ಲೇ ನಿಲ್ಲುತ್ತಿತ್ತು. ಈಸಲ ಯಾರ ಮೇಲೆ ಎಂದು ಮೆಲ್ಲಗೆ ವಿಚಾರಿಸಿ ಮುಂದೆ ಹೋಗುತ್ತಿದ್ದರು.

ಅವಳು ನನ್ನ ಅಪ್ಪನ ಅಕ್ಕ. ನಾವು ಬಣಹಟ್ಟಿಯ ನೇಕಾರರು, ಅಪ್ಪನದು ಪವರ್‌ಲೂಮಿನ ಸಣ್ಣ ಶೆಡ್ಡು. ಅತ್ತಿಯನ್ನು ಕೊಟ್ಟದ್ದು ಬೀಳಗಿ ತಾಲೂಕಿನಲ್ಲಿ, ಅನಗವಾಡಿಯಿಂದ ಸ್ವಲ್ಪ ಒಳಗೆ, ಕೃಷ್ಣಾ ದಂಡೆಯ ಒಂದು ಹಳ್ಳಿಗೆ. ಅವಳಿಗೆ ಮಕ್ಕಳಾಗಲಿಲ್ಲ. ಅವ್ವ ಹೋದ ಮೇಲೆ ಅಪ್ಪ ನನ್ನನ್ನು ಅವಳ ಹತ್ತಿರ ಬಿಟ್ಟರು. ಪ್ರಾಥಮಿಕ ಶಾಲೆ ಮುಗಿಯುವವರೆಗೂ ಅಲ್ಲಿದ್ದೆ. ಈಗ ಜಮಖಂಡಿಯ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ, ರತ್ನಾ ಟೀಚರ್ ಬಹಳ ಶಾಂತ ಸ್ವಭಾವದವರು ಎಂದು ಸಹೋದ್ಯೋಗಿಗಳು ಹೇಳುತ್ತಾರೆ. ನಾನು ಯಾರ ಕೈಯಲ್ಲಿ ಬೆಳೆದೆ ಎನ್ನುವುದು ಅವರಿಗೆ ಗೊತ್ತಿಲ್ಲ.

ನಾಲ್ಕನೇ ಇಯತ್ತೆಯಲ್ಲಿದ್ದಾಗ ಒಬ್ಬ ಮಾಸ್ತರರು ನಾನು ಮಾಡದ ತಪ್ಪಿಗೆ ಕೈ ಬಾಯುವಂತೆ ಹೊಡೆದರು. ಅತ್ತಿ ಕೈಗೆ ಎಣ್ಣೆ ಹಚ್ಚಿದಳು, ಶೇಂಗಾ ಚಟ್ನಿ ಬಿಟ್ಟಳು. ಆ ಮಾಸ್ತರರ ಮನೆಗೆ ಹಾಲು ಹೋಗುತ್ತಿದ್ದುದು ನಮ್ಮ ಮನೆಯಿಂದಲೇ. ನಾಳೆಯೇ ಹಾಲು ನಿಲ್ಲಿಸುತ್ತಾಳೆಂದು ನಾನು ಕಾದೆ. ಅವಳು ನಿಲ್ಲಿಸಲಿಲ್ಲ. ಒಂದು ಹನಿ ನೀರು ಬೆರೆಸದ ಗಟ್ಟಿ ಹಾಲನ್ನು ಅಳತೆಗಿಂತ ಹೆಚ್ಚಾಗಿಯೇ ಕಳಿಸತೊಡಗಿದಳು. ಮಾಸ್ತರರ ಮನೆಯಲ್ಲಿ ಖೀರು, ಬಾಸುಂದಿ ಎಲ್ಲ ಶುರುವಾಯಿತು. ಅವರು ನನ್ನನ್ನು ಕರೆದು ನಿಮ್ಮ ಅತ್ತಿ ದೇವರಂಥವಳು ಎಂದರು. ಮರುವರ್ಷ ಅವರ ಮಗಳನ್ನು ನೋಡಲು ಗಂಡಿನ ಕಡೆಯವರು ಬಂದು ಅಂಗಳದಲ್ಲಿ ಚಪ್ಪಲಿ ಬಿಡುತ್ತಿರುವಾಗ ನಮ್ಮ ಮನೆಯಿಂದ ಖಾಲಿ ತಂಬಿಗೆ ಹೋಯಿತು. ಆ ದಿನ ಮಧ್ಯಾಹ್ನ ಅತ್ತಿ ರೊಟ್ಟಿಯ ಮೇಲೆ ಶೇಂಗಾ ಚಟ್ನಿ ಗುಡ್ಡೆ ಹಾಕಿಕೊಂಡು, ಎಣ್ಣೆ ಸುರಿದುಕೊಂಡು, ನನ್ನ ಬಾಯಿಗೂ ಒಂದು ತುತ್ತು ಇಟ್ಟು, "ಅವಸರ ಮಾಡಬಾರದು ರತ್ನಿ, ಮೊದಲ ಅವರಿಗೆ ರುಚಿ ಹತ್ತಬೇಕು" ಎಂದಳು. ನಾನು ಕಲಿತ ಪಾಠಗಳಲ್ಲಿ ಅದರಷ್ಟು ಚೆನ್ನಾಗಿ ನೆನಪಿರುವುದು ಬೇರೆ ಇಲ್ಲ.

ಅವಳ ಗಂಡ ಈರಪ್ಪ ಮಾವನದು ಇದಕ್ಕೆ ಪೂರಾ ಉಲ್ಟಾ ಸ್ವಭಾವ. ಬೈದವನ ಮನೆಗೆ ಮರುದಿನ ತಾನೇ ಹೋಗಿ ಎಲೆ ಅಡಿಕೆ ಹಾಕಿಕೊಂಡು ಬರುವ ಮನುಷ್ಯ. ಆಲಮಟ್ಟಿಯ ಹಿನ್ನೀರು ಊರಿಗೆ ಬಂದು, ಎಲ್ಲರೂ ಗಂಟುಮೂಟೆ ಕಟ್ಟಿಕೊಂಡು ಮೇಲಿನ ಹೊಸ ಊರಿಗೆ ಹೊರಟಾಗ, ಮಲ್ಲನಗೌಡನ ಮನೆಯ ಸಾಮಾನನ್ನೆಲ್ಲ ತೂಗುಮಂಚ ಸಮೇತ ಹೊತ್ತು ಸಾಗಿಸಿದ್ದು ಮಾವನ ಚಕ್ಕಡಿ. ಗೌಡ ಊರಿನ ದೊಡ್ಡ ಕುಳ. ಇಂಜಿನ್ ಬೋಟು ಇದ್ದದ್ದು ಅವನೊಬ್ಬನಿಗೇ.

ಹೊಸ ಊರಿಗೆ ಬಂದರೂ ಮಾವನ ಹಿರಿಯರ ಹೊಲ ನೀರಿನಾಚೆಯ ದಿನ್ನೆಯ ಮೇಲೆ ಉಳಿಯಿತು. ಬೇಸಿಗೆಯಲ್ಲಿ ನೀರು ಇಳಿದರೆ ಅಲ್ಲಿಗೆ ಟ್ರ್ಯಾಕ್ಟರ್ ಹೋಗುತ್ತದೆ. ಮಳೆಗಾಲದಿಂದ ಹಿಡಿದು ಚಳಿಗಾಲ ಕಳೆಯುವವರೆಗೆ ಸುತ್ತಲೂ ನೀರು, ಬೋಟು ಬಿಟ್ಟರೆ ಗತಿಯಿಲ್ಲ. ಆ ಹೊಲದ ಬೇವಿನ ಗಿಡದ ಕೆಳಗೆ ಮಾವನ ಅಪ್ಪ ಅವ್ವನ ಸಮಾಧಿಗಳಿವೆ. ತನ್ನ ಜಾಗ ಇಲ್ಲಿ, ಅತ್ತಿಯ ಜಾಗ ಅಲ್ಲಿ ಎಂದು ಮಾವ ಕಲ್ಲಿಟ್ಟು ಗುರುತು ಮಾಡಿಟ್ಟಿದ್ದ.

ಮಾವ ತೀರಿದ್ದು ಕಾರ್ತಿಕದಲ್ಲಿ, ನೀರು ತುಂಬಿ ನಿಂತಾಗ. ನಮ್ಮಲ್ಲಿ ಹೆಣವನ್ನು ಮಲಗಿಸಿ ಒಯ್ಯುವುದಿಲ್ಲ. ವಿಭೂತಿ ಹಚ್ಚಿ, ಹೂವು ಮುಡಿಸಿ, ಬದುಕಿದ್ದವರ ಹಾಗೆ ಕೂಡಿಸಿ ಒಯ್ಯುತ್ತೇವೆ. ಹಾಗೆ ಕೂಡಿಸಿಕೊಂಡು ಮಾವನನ್ನು ದಂಡೆಗೆ ತಂದೆವು. ಆ ಹೊತ್ತಿಗೆ ನನ್ನ ಬಿ.ಎಡ್ ಮುಗಿದಿತ್ತು, ನಾನೂ ಅಲ್ಲಿದ್ದೆ. ಅಪ್ಪ ಗೌಡನ ಮುಂದೆ ಕೈ ಮುಗಿದು ಬೋಟು ಕೇಳಿದರು. ಮರುದಿನ ಗೌಡನ ಮಗಳ ನಿಶ್ಚಿತಾರ್ಥಕ್ಕೆ ಬೀಗರು ಆಚೆ ದಂಡೆಯಿಂದ ಬರುವವರಿದ್ದರು. ಬೋಟಿಗೆ ಹೊಸದಾಗಿ ಹಳದಿ ಬಣ್ಣ ಬಳಿದಿದ್ದರು.

ಇಡೀ ಊರು ಕೇಳುವಂತೆ ಗೌಡ ಹೇಳಿದ: "ಬೋಟು ಹೆಣಾ ಕುಂಡ್ರಸಾಕ ಅಲ್ಲೋ ತಮ್ಮಾ. ನಾಳಿ ಇದ ಹಲಗಿ ಮ್ಯಾಲ ನಮ್ಮ ಬೀಗರು ಕುಂಡ್ರೋರು."

ತೊಳೆದು ಕೊಡುತ್ತೇವೆ, ಹಲಗೆಯನ್ನೇ ಹೊಸದಾಗಿ ಹಾಕಿಸಿ ಕೊಡುತ್ತೇವೆ ಎಂದು ಅಪ್ಪ ಅಂಗಲಾಚಿದರು. ಗೌಡ ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ಮನೆಗೆ ನಡೆದ. ಹೊತ್ತು ಇಳಿಯುವವರೆಗೆ ಮಾವ ದಂಡೆಯಲ್ಲಿ ಕೂತೇ ಇದ್ದ, ತನ್ನ ಹೊಲದ ಬೇವಿನ ಗಿಡ ಎದುರಿಗೇ ಕಾಣುತ್ತಿತ್ತು. ಕೊನೆಗೆ ಹೊಸ ಊರಿನ ರಸ್ತೆ ಪಕ್ಕದ ಜಾಗದಲ್ಲಿ, ಕಬ್ಬಿನ ಲಾರಿಗಳ ಧೂಳಿನಲ್ಲಿ ಅವನನ್ನು ಮಣ್ಣು ಮಾಡಿದೆವು. ನಾನು ಗೌಡನನ್ನು ದ್ವೇಷಿಸತೊಡಗಿದ್ದು ಆವತ್ತಿನಿಂದ. ಅದನ್ನು ಮುಚ್ಚಿಟ್ಟುಕೊಳ್ಳುವ ಅವಶ್ಯಕತೆ ನನಗೆ ಕಂಡಿಲ್ಲ. ಹಳದಿ ಸೀರೆ ಇವತ್ತಿಗೂ ಉಡುವುದಿಲ್ಲ.

ಕ್ರಿಯೆಗಳೆಲ್ಲ ಮುಗಿದ ಮೇಲೆ ಅಪ್ಪ ಹೆದರುತ್ತಲೇ ಅತ್ತಿಯನ್ನು ಕೇಳಿದರು, ಏನು ಬಿಟ್ಟೆ ಎಂದು. ಅನ್ನ ನೀರು ಬಿಟ್ಟಾಳೆಂಬ ಭಯ ಅವರಿಗೆ. ಅತ್ತಿ ಆಗ ತಾಟಿನ ಮುಂದೆ ಕೂತಿದ್ದಳು.

"ಏನೂ ಬಿಟ್ಟಿಲ್ಲ. ಇದಕ್ಕ ಬಿಡುವಂಥಾ ತಿನಿಸ ಯಾವುದೈತಿ?" ಎಂದಳು. "ಉಣತೀನಿ. ಗಟ್ಟಿ ಆಗತೀನಿ. ನನ್ನ ಹೆಣ ಆ ದಿನ್ನಿಗೇ ಹೋಗಬೇಕು, ನೀರು ತುಂಬಿದಾಗ ಹೋಗಬೇಕು, ನಮ್ಮ ಮನೀ ಬೋಟಿನ್ಯಾಗ ಹೋಗಬೇಕು. ನೀ ಬೋಟು ನೋಡು."

ಬೋಟು ಸಿಕ್ಕಿದ್ದು ಒಬ್ಬ ರೈತನ ಹೊಲದಲ್ಲಿ. ಯಾವುದೋ ಕಾಲದಲ್ಲಿ ಸೇತುವೆಯ ಕೆಲಸಗಾರರನ್ನು ಸಾಗಿಸುತ್ತಿದ್ದ ಮರದ ಮೋಟರ್ ಬೋಟು. ಕೆಲಸ ಮುಗಿದಾಗ ಗುತ್ತಿಗೆದಾರ ಅಲ್ಲೇ ಬಿಟ್ಟು ಹೋಗಿದ್ದ. ಬೋರಲಾಗಿ ಬಿದ್ದ ಅದರ ಅಡಿಯಲ್ಲಿ ಕೋಳಿಗಳು ಮೊಟ್ಟೆ ಇಡುತ್ತಿದ್ದವು. ಹಲಗೆಗಳ ಸಂದಿನಲ್ಲಿ ಬೆರಳು ಹೋಗುತ್ತಿತ್ತು. ಒಂದೇ ಸಿಲಿಂಡರಿನ ಡೀಸೆಲ್ ಇಂಜಿನ್ನು ತುಕ್ಕು ಹಿಡಿದು ಕಲ್ಲಿನಂತಾಗಿತ್ತು. ಅಪ್ಪ ಬೇಡವೇ ಬೇಡ ಎಂದರು. ಅತ್ತಿ ಸುತ್ತ ತಿರುಗಿ, ಹಲಗೆಗಳನ್ನು ಗೆಣ್ಣಿನಿಂದ ತಟ್ಟಿ, ಇದರ ಎಲುಬು ಗಟ್ಟಿ ಇವೆ ಎಂದಳು. ತನ್ನ ಹಾಲಿನ ಎಮ್ಮೆಯನ್ನು ಆ ರೈತನ ಗೂಟಕ್ಕೆ ಕಟ್ಟಿ ಬೋಟು ಪಡೆದಳು. ಕಾಶವ್ವ ಎಮ್ಮೆ ಕೊಟ್ಟು ಕೋಳಿಗೂಡು ತಂದಳೆಂದು ಊರು ನಕ್ಕಿತು. ನಕ್ಕವರಲ್ಲಿ ಗೌಡನೂ ಇದ್ದ.

ಗೌಡನ ಕಣ್ಣಿಗೆ ಬೀಳದಂತೆ ಬಣಹಟ್ಟಿಯಲ್ಲೇ ರಿಪೇರಿ ಮಾಡಬೇಕೆಂದು ಅತ್ತಿಯ ಹಟ. ಸಮೀರವಾಡಿಯ ಕಾರ್ಖಾನೆಗೆ ಕಬ್ಬು ಹೊಡೆಯುವ ಟ್ರ್ಯಾಕ್ಟರೊಂದನ್ನು ಹಿಡಿದು ಅದರ ಟ್ರೇಲರಿನ ಮೇಲೆ ಬೋಟು ಹೇರಿದೆವು. ಅತ್ತಿ ಬೋಟಿನೊಳಗೇ ಕೊಡೆ ಹಿಡಿದು ಕೂತಳು. ಕಾರ್ಖಾನೆಯ ರಸ್ತೆಯಲ್ಲಿ ಕಬ್ಬಿನ ಗಾಡಿಗಳ ಸಾಲಿಗೆ ಸಿಕ್ಕಿಕೊಂಡು ಬಹಳ ಹೊತ್ತು ನಿಂತೆವು. ಇದ್ಯಾವ ತಳಿಯ ಕಬ್ಬು ಎಂದು ಡ್ರೈವರುಗಳು ಕೇಳಿದರು. ಅಪ್ಪ ನಾಚಿಕೊಂಡು ಟ್ರ್ಯಾಕ್ಟರಿನ ಮರೆಗೆ ಹೋದರು. ಅತ್ತಿ ಒಬ್ಬೊಬ್ಬರಿಗೂ ಶಾಂತವಾಗಿ, ಸೇಡಿನ ತಳಿ, ನಿಧಾನ ಬೆಳೆಯುತ್ತದೆ ಎಂದು ಉತ್ತರ ಕೊಟ್ಟಳು.

ನಮ್ಮ ಓಣಿಗೆ ಹೊಸ ಜಾತ್ರೆ ಬಂದಂತಾಯಿತು. ಮಗ್ಗದ ಶೆಡ್ಡಿನ ಮುಂದೆ ಬೋಟು ಬೋರಲು ಹಾಕಿ, ಅಪ್ಪ ಪಾಳಿಯ ನಡುವೆ ಸಿಕ್ಕ ಬಿಡುವಿನಲ್ಲೆಲ್ಲ ಅದಕ್ಕೆ ಬಡಿಯುತ್ತಿದ್ದರು. ಇಂಜಿನ್ನನ್ನು ಬಿಚ್ಚಿ ಸೀಮೆಎಣ್ಣೆಯಲ್ಲಿ ನೆನೆ ಹಾಕಿದ್ದರು. ನಾನು ರಜೆಗೆ ಬಂದಾಗಲೆಲ್ಲ ಒಂದೊಂದು ಭಾಗ ಉಜ್ಜುವುದು ನನ್ನ ಕೆಲಸವಾಗಿತ್ತು. ಶಾಫ್ಟು, ಬೇರಿಂಗು ಮಗ್ಗದವರಿಗೆ ಹೊಸದಲ್ಲ. ಇಂಜಿನ್ನು ಮೊದಲ ಸಲ ಹೊಗೆಯುಗುಳಿದಾಗ ಮಗ್ಗದ ಸದ್ದನ್ನು ಹುಟ್ಟಿನಿಂದ ಕೇಳಿದ ಓಣಿಯವರೂ ಕಿವಿ ಮುಚ್ಚಿಕೊಂಡರು. ಸೈಲೆನ್ಸರ್ ಕೊಳೆತು ಹೋಗಿತ್ತು, ಹೊಸದು ತರುತ್ತೇನೆ ಎಂದರು ಅಪ್ಪ. ಅತ್ತಿ ಬೇಡ ಎಂದಳು.

ಎಡವಟ್ಟಾದದ್ದು ಹಲಗೆಯ ಸಂದಿಗಳಲ್ಲಿ. ಸಂದಿಗೆ ನೂಲು ತುರುಕಿ ಮೇಲೆ ಡಾಂಬರು ಬಳಿಯಬೇಕು ಎಂದು ಯಾರೋ ಹೇಳಿದ್ದರು. ನಮ್ಮಲ್ಲಿ ನೂಲಿಗೆ ಬರವೇ? ಮಗ್ಗದಲ್ಲಿ ಬೀಮು, ಅಂದರೆ ಉದ್ದೆಳೆ ಸುತ್ತಿದ ಉರುಳೆ, ಮುಗಿದಾಗ ತುದಿಗೆ ಉಳಿಯುವ ಹಾಸಿನ ನೂಲು ಚೀಲಗಟ್ಟಲೆ ಬಿದ್ದಿತ್ತು. ಹಾಸಿನ ನೂಲಿಗೆ ಗಂಜಿ ಕುಡಿಸಿರುತ್ತಾರೆ, ಗಂಜಿಯಿಂದಲೇ ಅದಕ್ಕೆ ಬಲ. ಅಪ್ಪ, ಅತ್ತಿ, ನೋಡಲು ಬಂದ ಓಣಿಯ ಹಿರಿಯರು, ಎಲ್ಲರೂ ಹುಟ್ಟಾ ನೇಕಾರರು, ಎಲ್ಲರೂ ಎಳೆದು ನೋಡಿ ಇದಕ್ಕಿಂತ ಗಟ್ಟಿ ನೂಲಿಲ್ಲ ಎಂದು ತಲೆಯಾಡಿಸಿದರು. ನೂಲು ಹುರಿ ಮಾಡಿ ಸಂದಿಗೆಲ್ಲ ಬಡಿದದ್ದಾಯಿತು. ಡಾಂಬರು ಹತ್ತದ ಕಡೆ ಮಗ್ಗಕ್ಕೆ ಬಳಿದು ಉಳಿದ ಹಸಿರು ಬಣ್ಣ ಬಳಿದದ್ದಾಯಿತು.

ಶ್ರಾವಣದಲ್ಲಿ ನೀರು ಏರಿದ ಮೇಲೆ ಬೋಟನ್ನು ಊರಿಗೆ ತಂದು ಇಳಿಸಿದೆವು. ಇಡೀ ಊರು ದಂಡೆಯಲ್ಲಿತ್ತು. ಗೌಡ ತನ್ನ ಹಳದಿ ಬೋಟಿನ ಮೂತಿಯ ಮೇಲೆ ಕೂತು ನೋಡುತ್ತಿದ್ದ. ಮೊದಲು ಎಲ್ಲ ಛಲೋ ಇತ್ತು. ಅಪ್ಪ ಹ್ಯಾಂಡಲ್ ಹೊಡೆದರು, ಇಂಜಿನ್ನು ಸಿಡಿಯಿತು, ನಾವು ಮೂವರು ಸ್ವಲ್ಪ ದೂರ ಹೋದೆವು. ಆಮೇಲೆ ಬೋಟಿನ ಸುತ್ತ ಸಣ್ಣ ಮೀನುಗಳು ಮುತ್ತತೊಡಗಿದವು. ನೀರು ಕುಡಿದ ಗಂಜಿ ಕರಗಿ ಅಂಬಲಿಯಾಗಿತ್ತು. ಮೀನುಗಳು ಅದನ್ನು ಚೀಪುತ್ತಿದ್ದವು, ಸಂದಿಗಳಿಂದ ನೂಲು ಜೋತಾಡುತ್ತಿತ್ತು, ನಮ್ಮ ಪಾದ ಮುಳುಗಿತ್ತು. ಅಪ್ಪ ಡಬ್ಬಿಯಿಂದ ನೀರು ಗೋರಿ ಚೆಲ್ಲುತ್ತ ಹೇಗೋ ಬೋಟನ್ನು ದಂಡೆಗೆ ತಿರುಗಿಸಿದರು.

ಗೌಡ ಹೊಟ್ಟೆ ಹಿಡಿದುಕೊಂಡು ನಕ್ಕ. "ಕಾಶವ್ವಾ, ಮೀನಿಗೆ ದಾಸೋಹ ಇಟ್ಟೀಯೇನ? ಛಲೋ ಪುಣ್ಯೇದ ಕೆಲಸ ಬಿಡು" ಎಂದ. ದಂಡೆಯೆಲ್ಲ ನಕ್ಕಿತು. ಅತ್ತಿ ಒದ್ದೆ ಸೀರೆ ಹಿಂಡಿಕೊಂಡು ಮನೆಗೆ ಬಂದಳು. ನಾನು ಚಹಾ ಮಾಡಿ ತಂದೆ. ಅವಳು ಕಪ್ಪನ್ನು ಕೈಯಿಂದ ಆಚೆ ಸರಿಸಿದಳು. ಚಹಾ ಎಂದರೆ ಅವಳ ಜೀವ, ದಿನಕ್ಕೆ ಎಷ್ಟು ಸಲ ಕುಡಿಯುತ್ತಿದ್ದಳೋ ಅವಳಿಗೇ ಗೊತ್ತಿರಲಿಲ್ಲ. ನನಗೆ ಗೌಡನ ಬಗ್ಗೆ ಕನಿಕರ ಬರಬೇಕಿತ್ತು, ಬರಲಿಲ್ಲ.

ಎರಡನೇ ಸಲ ಹೊಕ್ಕಿನ, ಅಂದರೆ ಅಡ್ಡೆಳೆಯ ನೂಲು ಬಳಸಿದೆವು. ಹೊಕ್ಕಿಗೆ ಗಂಜಿ ಇರುವುದಿಲ್ಲ. ಕುದಿಯುವ ಡಾಂಬರಿನಲ್ಲಿ ಅದ್ದಿ ಬಡಿದ ಆ ನೂಲು ಇವತ್ತಿಗೂ ಹಾಗೇ ಇದೆ. ಬೋಟು ಗಟ್ಟಿಯಾದ ದಿನ ಅತ್ತಿ ರಸ್ತೆ ಪಕ್ಕದ ಮಾವನ ಸಮಾಧಿಯಿಂದ ಒಂದು ಹಿಡಿ ಮಣ್ಣು ತೆಗೆದು ಸೆರಗಿನಲ್ಲಿ ಕಟ್ಟಿಕೊಂಡಳು. ಮೊದಲ ಪ್ರಯಾಣ ಆ ಮಣ್ಣಿನದೇ. ದಿನ್ನೆಯ ಬೇವಿನ ಗಿಡದ ಕೆಳಗೆ, ಮಾವ ಗುರುತಿಟ್ಟ ಕಲ್ಲಿನ ಹತ್ತಿರ ಅದನ್ನು ಹೂತು, ಮೇಲೆ ನೀರು ಹಾಕಿದಳು. ಅವಳು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಅಪ್ಪ ಎಬ್ಬಿಸಲು ಹೋದರೆ ಕೈ ಕೊಡವಿದಳು.

ಬೋಟಿನ ಬದಿಗೆ ಪೇಂಟರನಿಂದ ದೊಡ್ಡದಾಗಿ ‘ಮನೆ ಬಳಕೆಗೆ’ ಎಂದು ಬರೆಸಿದಳು. ಬಾಡಿಗೆಗೆ ಕೇಳಲು ಬಂದವರನ್ನೆಲ್ಲ ಅದನ್ನು ಓದಿಸಿ ಕಳಿಸಿದಳು. ಯಾರ ಮನೆಯಲ್ಲಾದರೂ ಸಾವಾಗಿ ಆಚೆಗೆ ಒಯ್ಯಬೇಕಾದರೆ ಮಾತ್ರ ಕರೆಯುವ ಮೊದಲೇ ಬೋಟು ತಂದು ನಿಲ್ಲಿಸುತ್ತಿದ್ದಳು. ಆ ಹೊತ್ತಿಗೆ ಅವರೂ ಮನೆಯವರೇ ಎನ್ನುತ್ತಿದ್ದಳು. ಇಂಜಿನ್ನು ನಡೆಸಲು ಕಲಿತಿದ್ದಳು, ನನಗೂ ಕಲಿಸಿದಳು. ಹೊಲಕ್ಕೆ ನೇರ ದಾರಿಯಿದ್ದರೂ ಮಧ್ಯಾಹ್ನದ ಊಟವಾಗಿ ಗೌಡ ತೂಗುಮಂಚದ ಮೇಲೆ ಕಣ್ಣು ಮುಚ್ಚುವ ಹೊತ್ತಿಗೆ ಸರಿಯಾಗಿ ದಂಡೆಯಂಚಿನ ಅವನ ಮನೆಯ ಹಿಂದಿನಿಂದಲೇ ಹಾಯುತ್ತಿದ್ದಳು. ಸೈಲೆನ್ಸರ್ ಏಕೆ ಬೇಡವಾಗಿತ್ತೆಂದು ನನಗೆ ತಿಳಿದದ್ದು ಆಗ. ಗೌಡ ಪಂಚಾಯಿತಿಗೆ ದೂರು ಕೊಟ್ಟ. ನೀರಿನ ಮೇಲಿನ ಸದ್ದಿಗೆ ಏನು ಮಾಡುವುದೆಂದು ಅವರಿಗೂ ತಿಳಿಯಲಿಲ್ಲ.

ಚಹಾದ ಲೆಕ್ಕ ಚುಕ್ತಾ ಆದದ್ದು ಒಂದು ಮಾಘ ಮಾಸದಲ್ಲಿ. ನಾನೂ ಅತ್ತಿಯೂ ಹೊಲದಿಂದ ಬರುತ್ತಿದ್ದೆವು. ನಡುನೀರಿನಲ್ಲಿ ಗೌಡನ ಬೋಟು ಕೆಟ್ಟು ನಿಂತಿತ್ತು. ಬೋಟಿನ ತುಂಬ ಅವನ ಬೀಗರು, ರೇಷ್ಮೆ ಸೀರೆಗಳು, ಹಣ್ಣಿನ ಬುಟ್ಟಿಗಳು. ಗೌಡ ಬೆವರುತ್ತ ಹ್ಯಾಂಡಲ್ ಹೊಡೆಯುತ್ತಿದ್ದ. ಅತ್ತಿ ಅವರ ಸುತ್ತ ನಿಧಾನಕ್ಕೆ ಒಂದು ಸುತ್ತು ಹಾಕಿದಳು. ಒಬ್ಬೊಬ್ಬರ ಮುಖವನ್ನೂ ನೋಡಿದಳು. ಆಮೇಲೆ ಹಗ್ಗ ಎಸೆದಳು. ನನಗೆ ತಡೆಯಲಾಗದೆ, ಯಾಕೆ ಬಿಡಿಸುತ್ತೀ, ಇರಲಿ ಬಿಡು ಎಂದೆ.

ಗೌಡ ಹಗ್ಗ ಹಿಡಿಯುವ ಮೊದಲು ಅವಳು ಬೀಗರ ಕಡೆ ತಿರುಗಿ, ಬಹಳ ಮರ್ಯಾದೆಯಿಂದ ಹೇಳಿದಳು: "ಹೆಣಾ ಹೊರೂ ಬೋಟಿನ ಹಗ್ಗ ಐತ್ರಿ ಇದು. ಗೌಡ್ರು ಇದನ್ನ ಮುಟ್ಟೂದಿಲ್ಲ. ನಿಮಗ ಅಡ್ಡಿ ಇಲ್ಲ ಅಂದ್ರ ನೀವ ಹಿಡೀರಿ." ಬೀಗರ ಪೈಕಿ ಹಿರಿಯನೊಬ್ಬ ಗೌಡನ ಮುಖ ನೋಡಿದ. ಗೌಡ ತಾನೇ ಬಾಗಿ ಹಗ್ಗ ಹಿಡಿದು ಗಂಟು ಹಾಕಿದ. ಅತ್ತಿ ಅವರನ್ನು ಗೌಡನ ಮನೆಯ ಹಿಂದಿನ ಮೆಟ್ಟಿಲಿಗೆ ಒಯ್ಯಲಿಲ್ಲ. ಊರವರು ಬಟ್ಟೆ ಒಗೆಯುವ ಜಾಗದ ಮುಂದೆ ಹಾಯಿಸಿಕೊಂಡು ನಮ್ಮ ಹೊಲಸು ಕೆಸರಿನ ದಂಡೆಗೆ ಹಚ್ಚಿದಳು. ರೇಷ್ಮೆ ಸೀರೆಯವರು ಮೊಣಕಾಲಿನವರೆಗೆ ಕೆಸರಿನಲ್ಲಿಳಿದು ನಡೆದರು. ಮನೆಗೆ ಬಂದವಳೇ ಚಹಾ ಇಡು ಎಂದಳು, ಸಕ್ಕರೆ ಕೈಬಿಟ್ಟು ಹಾಕು ಎಂದಳು. ಬಸಿಯಲ್ಲಿ ಸುರಿದುಕೊಂಡು, ಸದ್ದು ಮಾಡಿ ಹೀರಿ, ಕಣ್ಣು ಮುಚ್ಚಿಕೊಂಡು ಕೂತಳು. ಮುಗಿಯಿತಲ್ಲ ಅತ್ತಿ ಎಂದೆ. ಮುಗಿದದ್ದು ನಕ್ಕಿದ್ದರ ಸೇಡು, ಮಾವನದು ಹಾಗೇ ಉಳಿದಿದೆ ಎಂದಳು.

ವರ್ಷಗಳು ಹೋದವು. ಅಪ್ಪನಿಗೆ ಮಂಡಿ ನೋವು ಬಂತು, ಗೌಡನ ತಲೆ ಬೆಳ್ಳಗಾಯಿತು, ಬೋಟಿಗೆ ವರ್ಷವರ್ಷ ಹಸಿರು ಬಣ್ಣ ಬಿತ್ತು. ಮೊನ್ನಿನ ಬೇಸಿಗೆಯಲ್ಲಿ ಅತ್ತಿ ಹಾಸಿಗೆ ಹಿಡಿದಳು. ಜಮಖಂಡಿಯ ನನ್ನ ಮನೆಗೆ ಕರೆತಂದೆ. ಡಾಕ್ಟರು ನನ್ನನ್ನು ಹೊರಗೆ ಕರೆದು, ಇನ್ನು ಕೆಲವು ದಿನ ಅಷ್ಟೇ, ಬೇಕಾದವರಿಗೆಲ್ಲ ತಿಳಿಸಿಬಿಡಿ ಎಂದರು. ವೈಶಾಖದ ಬಿಸಿಲು. ಊರಿನ ಹತ್ತಿರ ನೀರು ಬತ್ತಿ ನೆಲ ಬಿರುಕು ಬಿಟ್ಟಿತ್ತು, ದಿನ್ನೆಗೆ ಟ್ರ್ಯಾಕ್ಟರ್ ಓಡಾಡುತ್ತಿತ್ತು. ಬೋಟು ಒಣ ದಂಡೆಯಲ್ಲಿ ವಾಲಿಕೊಂಡು ಬಿದ್ದಿತ್ತು. ಅತ್ತಿ ಈಗ ಹೋದರೆ ಟ್ರೇಲರಿನಲ್ಲಿ ಹೋಗುತ್ತಾಳೆ, ಇಷ್ಟು ವರ್ಷದ ಹಟ ನೀರಿಲ್ಲದ ದಂಡೆಯಲ್ಲೇ ಉಳಿಯುತ್ತದೆ ಎಂದು ನನಗೆ ಹೊಟ್ಟೆ ಉರಿಯಿತು.

ಊರಿನಿಂದ ನೋಡಲು ಬಂದವರೊಬ್ಬರು ಸುಮ್ಮನಿರಲಾರದೆ ಗೌಡನ ಮಾತನ್ನು ಮುಟ್ಟಿಸಿದರು. ಬೇಸಿಗೆಯಲ್ಲಿ ಹೋದರೆ ಛಲೋ, ಬೋಟಿನ ಕಾಟ ಇಲ್ಲ ಎಂದಿದ್ದನಂತೆ. ಅತ್ತಿ ಅದುವರೆಗೆ ಗಂಜಿ ತಿಳಿಯನ್ನೂ ನುಂಗುತ್ತಿರಲಿಲ್ಲ. ಬಂದವರು ಮೆಟ್ಟಿಲಿಳಿದ ಮೇಲೆ ನನ್ನನ್ನು ಕರೆದು ರೊಟ್ಟಿ ಮಾಡು ಎಂದಳು. ಹಾಲಿನಲ್ಲಿ ನೆನೆಸಿ ಅರ್ಧ ರೊಟ್ಟಿ ತಿಂದಳು. ನಾಳೆಯೂ ಮಾಡು ಎಂದಳು.

ಅಲ್ಲಿಂದ ಅವಳು ಬದುಕಿದ್ದು ಸಿಟ್ಟಿನ ಮೇಲೆ. ಡಾಕ್ಟರು ಪ್ರತಿ ಸಲ ಬಂದಾಗಲೂ ನಾಡಿ ಹಿಡಿದು, ಇನ್ನೊಮ್ಮೆ ಎಣಿಸುತ್ತಿದ್ದರು. ಭಾನುವಾರ ಭಾನುವಾರ ನಾನು ಊರಿಗೆ ಹೋಗಿ ನೀರು ನೋಡಿಕೊಂಡು ಬರಬೇಕಿತ್ತು. ಹಳೆ ಊರಿನ ಗುಡಿಯ ಕಟ್ಟೆಗೆ ಬಂತು ಎಂದರೆ ಒಂದು ಲೋಟ ಹಾಲು ಹೆಚ್ಚು ಕುಡಿಯುತ್ತಿದ್ದಳು. ಇನ್ನೂ ಕೆಳಗಿದೆ ಎಂದರೆ ಗೋಡೆಯ ಕಡೆ ಹೊರಳುತ್ತಿದ್ದಳು. ಒಂದು ಸಲ ನಾನು ಸಮಾಧಾನಕ್ಕೆಂದು ಸುಳ್ಳು ಹೇಳಿದೆ. ತಕ್ಷಣ ಕಂಡುಹಿಡಿದು ಬೈದಳು. ಶ್ರಾವಣದ ಒಂದು ಭಾನುವಾರ ನಾನು ಹೋದಾಗ ಬೋಟು ನೀರಿನ ಮೇಲೆ ತೇಲುತ್ತಿತ್ತು, ದಿನ್ನೆಯ ಸುತ್ತ ನೀರು ಕೂಡಿತ್ತು. ಬಂದು ಹೇಳಿದೆ. ಹಾಗಾದರೆ ನನ್ನನ್ನು ಊರಿಗೆ ಒಯ್ಯಿ ಎಂದಳು.

ಊರಿನ ಮನೆಯಲ್ಲಿ ನಾನು ಅವಳ ತಲೆ ಬಾಚುತ್ತಿದ್ದಾಗ ಅವಳು ಕೊನೆಯ ಸಲ ನನ್ನೊಡನೆ ಸರಿಯಾಗಿ ಮಾತಾಡಿದಳು.

"ಗೌಡ ನನ್ನ ಮಣ್ಣಿಗೆ ಬರ್ತಾನ. ಬರದ ಇರಾಕ ಆಗೂದಿಲ್ಲ, ಮಗಾ ಇಲೆಕ್ಷನ್ನಿಗೆ ನಿಂತಾನ" ಎಂದಳು. "ಬಂದರ ನಮ್ಮ ಬೋಟಿನ್ಯಾಗ ಹತ್ತಿಸ್ಕೋ. ನನ್ನ ಮಗ್ಗಲಕ ಕುಂಡ್ರಸು."

ಸಾಯುವ ಹೊತ್ತಿಗೆ ಇವಳೂ ಎಲ್ಲರಂತಾದಳೇ ಎಂದು ಸಂಕಟವಾಯಿತು. ಕ್ಷಮಾ ಮಾಡಿದೆಯಾ ಅತ್ತಿ ಎಂದು ಕೇಳಿದೆ. ಅವಳು ಕಷ್ಟಪಟ್ಟು ಕತ್ತು ತಿರುಗಿಸಿ ನನ್ನನ್ನು ನೋಡಿದಳು.

"ಇಷ್ಟು ವರ್ಷ ನನ್ನ ಕೂಡ ಇದ್ದು ಇದನ್ನ ಕಲತೇನ? ಒಂದ ಹಲಗಿ ಮ್ಯಾಲ, ಹೆಣದ ಮಗ್ಗಲಕ. ಎಲ್ಲಾರೂ ನೋಡಬೇಕು."

ನೀರು ದಂಡೆ ತುಂಬಿ ನಿಂತ ದಿನಗಳಲ್ಲೇ ಅವಳು ತೀರಿದಳು. ಬೆಳಿಗ್ಗೆ ಅಪ್ಪ ಬೋಟು ತೊಳೆದು ಬಾಳೆಗಿಡ ಕಟ್ಟಿದರು. ಅತ್ತಿಗೆ ಇಳಕಲ್ ಸೀರೆ ಉಡಿಸಿ, ವಿಭೂತಿ ಹಚ್ಚಿ, ಬೋಟಿನ ನಡುವಿನ ಹಲಗೆಯ ಮೇಲೆ ಕೂಡಿಸಿದೆವು. ಗೌಡ ಮಾಲೆ ಹಿಡಿದುಕೊಂಡು ಬಂದ. ಮಾಲೆ ಹಾಕಿ, ಕೈ ಮುಗಿದು, ತನ್ನ ಬೋಟಿನ ಕಡೆ ಹೊರಟಿದ್ದ, ಮಗ ಆಗಲೇ ಅದರಲ್ಲಿ ಮಂದಿಯನ್ನು ಹತ್ತಿಸಿಕೊಳ್ಳುತ್ತಿದ್ದ. ನಾನು ಎಲ್ಲರಿಗೂ ಕೇಳುವಂತೆ ಕೂಗಿ ಕರೆದೆ.

"ಗೌಡ್ರ, ನಿಮಗ ಜಾಗಾ ಇಲ್ಲೇ ಐತ್ರಿ. ತನ್ನ ಮಗ್ಗಲಕ ಕುಂಡ್ರಸು ಅಂತ ಅತ್ತಿ ಹೇಳಿ ಹೋಗ್ಯಾಳ."

ಸತ್ತವರ ಕೊನೆಯ ಮಾತಿಗೆ ಇಲ್ಲ ಎನ್ನುವ ಧೈರ್ಯ ನಮ್ಮ ಕಡೆ ಯಾರಿಗೂ ಇಲ್ಲ, ಅದರಲ್ಲೂ ಇಲೆಕ್ಷನ್ನಿನ ಮುಂದೆ. ಗೌಡ ಒಮ್ಮೆ ಮಗನನ್ನು ನೋಡಿದ, ಒಮ್ಮೆ ಊರನ್ನು ನೋಡಿದ. ಆಮೇಲೆ ಧೋತ್ರ ಎತ್ತಿ ಹಿಡಿದು ಬೋಟು ಹತ್ತಿ ಅತ್ತಿಯ ಪಕ್ಕ ಕೂತ. ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಎಂಥ ದೊಡ್ಡ ಮನಸ್ಸು, ಹೋಗುವಾಗ ಎಲ್ಲ ಮರೆತು ಹೋದಳು ಎಂದು ಹಿರಿಯರು ಹೇಳಿದರು. ಈಗಲೂ ಊರಲ್ಲಿ ಹಾಗೇ ಹೇಳುತ್ತಾರೆ. ಅದು ಸುಳ್ಳೆಂದು ಬರೆದಿಡುವವರು ನನ್ನನ್ನು ಬಿಟ್ಟರೆ ಯಾರೂ ಇಲ್ಲ.

ನಾನು ಹ್ಯಾಂಡಲ್ ಹೊಡೆದೆ. ಗಾಳಿಗೆ ತೆರೆಗಳಿದ್ದವು, ಬೋಟು ಓಲಾಡುತ್ತಿತ್ತು. ಕೂಡಿಸಿದ ಹೆಣ ಗೌಡನ ಕಡೆ ವಾಲಿತು. ಅವನು ಬೇರೆ ದಾರಿಯಿಲ್ಲದೆ ಒಂದು ಕೈಯನ್ನು ಅತ್ತಿಯ ಬೆನ್ನ ಹಿಂದೆ ಹಾಕಿ ಅವಳನ್ನು ಆನಿಸಿಕೊಂಡ. ಅವಳ ತಲೆ ಅವನ ಹೆಗಲಿಗೆ ಬಂತು. ಅವನ ಬಿಳಿ ಅಂಗಿಗೆ ಅವಳ ಹಣೆಯ ವಿಭೂತಿ ಹತ್ತಿತು. ನಾನು ದಿನ್ನೆಯ ನೇರ ದಾರಿ ಹಿಡಿಯಲಿಲ್ಲ. ದಂಡೆಯಗುಂಟ ಬೋಟು ಬಿಟ್ಟು ಗೌಡನ ಮನೆಯ ಹಿಂದೆ ಬಂದು ವೇಗ ಇಳಿಸಿದೆ. ಸೊಸೆಯರು, ಮೊಮ್ಮಕ್ಕಳು, ಮಗಳ ಕಡೆಯ ಬೀಗರು ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದರು.

ಗೌಡ ತಲೆ ಎತ್ತದೆಯೇ, "ಸಾಕು ಮಾಡವ್ವಾ, ದಿನ್ನಿಗಿ ಹಚ್ಚು" ಎಂದ.

ಎದುರಿಗೆ ಬೇವಿನ ಗಿಡ, ಅದರ ಕೆಳಗೆ ತೋಡಿದ ಹೊಸ ಮಣ್ಣು ಕಾಣುತ್ತಿತ್ತು. ದಿನ್ನೆ ಮುಟ್ಟಿದರೆ ಅತ್ತಿಯನ್ನು ಇಳಿಸಬೇಕು, ಇಳಿಸಿದ ಮೇಲೆ ನನಗೆ ಅತ್ತಿ ಇಲ್ಲ. ಚುಕ್ಕಾಣಿ ಹೊರಳಿಸಿ ಇನ್ನೊಂದು ಸುತ್ತು ಹೊಡೆದೆ.